ಭತ್ತದ ಉಪ್ಪು ಪರೀಕ್ಷೆಗೆ ಜೇಬಿನ ಇಸಿ ಮೀಟರ್: ಹ್ಯಾನಾ ಡಿಸ್ಟ್ 4 ಎಲ್ಲಿ ಸಾಕು, ಎಲ್ಲಿ ಸಾಲದು

ಉಪ್ಪು ತಡೆಯುವ ಭತ್ತದ ತಳಿಯನ್ನು ಸಸಿ ಹಂತದಲ್ಲಿ ಗುರುತಿಸಲು ಬೇಕಾಗುವ ಸಾಮಾನು ಬಹಳವಿಲ್ಲ. ಥರ್ಮೊಕೋಲ್ ಹಾಳೆ, ಪ್ಲಾಸ್ಟಿಕ್ ಟ್ರೇ, ನೈಲಾನ್ ಸೊಳ್ಳೆಪರದೆ, ಪೋಷಕ ದ್ರಾವಣ, ಉಪ್ಪು, ದ್ರಾವಣದ ವಿದ್ಯುತ್ ವಾಹಕತೆ (ಇಸಿ) ನೋಡಿ ಆ ಉಪ್ಪನ್ನು ಅಳೆಯುವ ಒಂದು ಪೆನ್ನು. ಬೆಂಗಳೂರಿನ ಸಾಧಾರಣ ತಾರಸಿಯಲ್ಲಿ ನೆರಳುಬಲೆ ಕಟ್ಟಿದರೆ ಅದರಡಿಯಲ್ಲೇ ಇಷ್ಟೂ ಹಿಡಿಯುತ್ತದೆ. ಈ ಸಾಲಿನಲ್ಲಿ ಜನ ಎಡವುವುದು ಕೊನೆಯ ವಸ್ತುವಿನಲ್ಲಿ, ಅಂದರೆ ಪೆನ್ನಿನಲ್ಲಿ. ಹ್ಯಾನಾ ಕಂಪನಿಯ ಡಿಸ್ಟ್ 4, ಮಾದರಿ ಸಂಖ್ಯೆ ಎಚ್‌ಐ 98304, ಈ ಕೆಲಸಕ್ಕೆ ಹೊಂದುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಟ್ರೇಯ ಇಸಿಯನ್ನು ಪರೀಕ್ಷೆಗೆ ಬೇಕಾದ 12ರಲ್ಲಿ ಹಿಡಿದು ನಿಲ್ಲಿಸಲು ಧಾರಾಳವಾಗಿ ಸಾಕು. ಯಾವ ತಳಿ ಗಟ್ಟಿ ಎಂದು ಹೇಳುವ ಕೆಲಸ ಮಾತ್ರ ಅದರದ್ದಲ್ಲ.

ಮೊದಲು ಅಳತೆಯ ವ್ಯಾಪ್ತಿ ನೋಡಿ, ಬೆಲೆ ಆಮೇಲೆ. ಡಿಸ್ಟ್ 3 ಮತ್ತು ಡಿಸ್ಟ್ 4 ನೋಡಲು ಅಣ್ಣತಮ್ಮಂದಿರ ಹಾಗಿವೆ. ಆದರೆ ವಾಹಕತೆಯ ಮಾನವಾದ ಸೀಮನ್ಸ್‌ನಲ್ಲಿ ಹೇಳುವುದಾದರೆ 3ರ ವ್ಯಾಪ್ತಿ ಸೆಂಟಿಮೀಟರಿಗೆ 1999 ಮೈಕ್ರೊಸೀಮನ್ಸ್‌ಗೆ ಮುಗಿಯುತ್ತದೆ, 4ರದ್ದು ಸುಮಾರು 20 ಮಿಲಿಸೀಮನ್ಸ್‌ವರೆಗೆ ಹೋಗುತ್ತದೆ. ಭತ್ತದ ಸಸಿ ಪರೀಕ್ಷೆ ನಡೆಯುವುದು ಮೀಟರಿಗೆ 12 ಡೆಸಿಸೀಮನ್ಸ್‌ನಲ್ಲಿ. ಒಂದು ಡೆಸಿಸೀಮನ್ಸ್ ಪ್ರತಿ ಮೀಟರ್ ಎಂದರೂ ಒಂದು ಮಿಲಿಸೀಮನ್ಸ್ ಪ್ರತಿ ಸೆಂಟಿಮೀಟರ್ ಎಂದರೂ ಒಂದೇ. 12 ಅಂದರೆ 12,000 ಮೈಕ್ರೊಸೀಮನ್ಸ್. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಅಂಕಿ ತಪ್ಪಿ 3 ಬಂದರೆ ಈ ಕೆಲಸಕ್ಕೆ ಪ್ರಯೋಜನವಿಲ್ಲ. ತಾರಸಿಯಲ್ಲಿ ಸೊಪ್ಪು ಬೆಳೆಯುವವರಿಗಾಗಿ ಮಾರುವ ಹೈಡ್ರೋಪೋನಿಕ್ಸ್ ಪೆನ್ನುಗಳಲ್ಲಿ ಹಲವು 4 ಡೆಸಿಸೀಮನ್ಸ್ ಆಸುಪಾಸಿಗೇ ಕೈಚೆಲ್ಲುತ್ತವೆ. ಪಾಲಕ್ ಸೊಪ್ಪಿಗೆ ಅದು ಸಾಕು, ಭತ್ತದ ಉಪ್ಪು ಪರೀಕ್ಷೆಗೆ ಸಾಲದು.

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ: ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಅಳೆದು ಐದರಿಂದ ಗುಣಿಸಿದರಾಯಿತಲ್ಲ ಎಂದು. ಆಗುವುದಿಲ್ಲ. ಉಪ್ಪು ತೆಳುವಾದಷ್ಟೂ ಅದರ ಅಯಾನುಗಳು ಒಂದಕ್ಕೊಂದು ಕಡಿಮೆ ಅಡ್ಡಬರುತ್ತವೆ, ತಲಾ ಹೆಚ್ಚು ವಿದ್ಯುತ್ ಸಾಗಿಸುತ್ತವೆ. 0.1 ಮೋಲಾರ್ (ಲೀಟರಿಗೆ 5.84 ಗ್ರಾಂ) ಸೋಡಿಯಂ ಕ್ಲೋರೈಡ್ 25 ಡಿಗ್ರಿಯಲ್ಲಿ 10.67 ತೋರಿಸಬೇಕು, ಅದನ್ನೇ ಐದು ಪಟ್ಟು ತೆಳು ಮಾಡಿ ಅಳೆದರೆ 2.31 ಬರುತ್ತದೆ, ಐದರಿಂದ ಗುಣಿಸಿದರೆ ಸುಮಾರು 11.6. ಶೇ. 8ರಷ್ಟು ಸುಳ್ಳು. ಲೆಕ್ಕದಲ್ಲಿ 12 ಬಂತೆಂದು ಉಪ್ಪು ಹಾಕುವುದನ್ನು ನಿಲ್ಲಿಸಿದವರ ಟ್ರೇಯಲ್ಲಿ ನಿಜವಾಗಿ ಇರುವುದು 11ರ ಹತ್ತಿರ. ನೂರಾರು ರೂಪಾಯಿ ಉಳಿಸಲು ಹೋಗಿ ಇಡೀ ಪರೀಕ್ಷೆಯನ್ನು ಸಡಿಲ ಮಾಡಿಕೊಂಡಂತೆ.

ಇನ್ನೊಂದು ಗೊಂದಲ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ತೋರಿಸುವ ಪೆನ್ನುಗಳದ್ದು. ಮನೆಯ ನೀರಿನ ಫಿಲ್ಟರ್ ಹಾಕಲು ಬರುವವರ ಜೇಬಿನಲ್ಲಿರುವ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಪೆನ್ನು ಉಪ್ಪಿನ ತೂಕ ಅಳೆಯುವುದಿಲ್ಲ. ಅದೂ ವಿದ್ಯುತ್ ವಾಹಕತೆಯನ್ನೇ ಅಳೆದು ಒಂದು ಅಂಕಿಯಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಕೆಲವು ಕಂಪನಿಗಳ ಗುಣಕ 0.5, ಕೆಲವರದ್ದು 0.7. 12 ಡೆಸಿಸೀಮನ್ಸ್ ಎಂದರೆ 6000 ಪಿಪಿಎಂ ಎಂದು ಯಾರೋ ಹೇಳಿದ್ದನ್ನು ನಂಬಿ 0.7ರ ಪೆನ್ನಿನಲ್ಲಿ 6000ಕ್ಕೆ ನಿಲ್ಲಿಸಿದರೆ ಟ್ರೇಯಲ್ಲಿರುವುದು 8.6 ಮಾತ್ರ. ಅಷ್ಟು ಉಪ್ಪಿನಲ್ಲಿ ಸೂಕ್ಷ್ಮ ತಳಿಗಳೂ ಅಷ್ಟಿಷ್ಟು ಹಸಿರು ಉಳಿಸಿಕೊಂಡು ನಿಲ್ಲುತ್ತವೆ, ಗಟ್ಟಿ ತಳಿ ಸಿಕ್ಕಿತೆಂದು ಸಂಭ್ರಮಿಸುವವರಿಗೆ ಬರ ಬರುವುದಿಲ್ಲ. ಡಿಸ್ಟ್ 4 ನೇರವಾಗಿ ಮಿಲಿಸೀಮನ್ಸ್‌ನಲ್ಲೇ ತೋರಿಸುವುದು ಇದೇ ಕಾರಣಕ್ಕೆ ಇಷ್ಟವಾಗುತ್ತದೆ. ಮಧ್ಯೆ ಯಾವ ಗುಣಾಕಾರವೂ ಇಲ್ಲ.

ಇನ್ನು ನಿಖರತೆ. ಕಂಪನಿ ಹೇಳುವುದು ಪೂರ್ಣ ವ್ಯಾಪ್ತಿಯ ಶೇ. 2. ಈ ಪದಗಳನ್ನು ನಿಧಾನವಾಗಿ ಓದಬೇಕು. ಓದಿದ ಅಂಕಿಯ ಶೇ. 2 ಅಲ್ಲ, 20ರ ಶೇ. 2. ಅಂದರೆ ಎಲ್ಲಿ ಅಳೆದರೂ 0.4ರಷ್ಟು ಆಚೀಚೆ. 12ರಲ್ಲಿ ಅದು ಸಹಿಸಬಹುದಾದ ತಪ್ಪು, 11.6 ಇದ್ದರೂ 12.4 ಇದ್ದರೂ ತಳಿಗಳ ಸಾಲು ಅದಲುಬದಲಾಗದು. ಆದರೆ ಇದೇ ಪೆನ್ನನ್ನು ಆರ್‌ಓ ನೀರಿಗೆ ಅದ್ದಿ 0.06 ಬಂತು, ನೀರು ಶುದ್ಧ ಎಂದು ಹೇಳುವುದು ಅರ್ಥವಿಲ್ಲದ ಮಾತು. ತಪ್ಪಿನ ಅಂಚೇ ಅಳತೆಗಿಂತ ಆರೇಳು ಪಟ್ಟು ದೊಡ್ಡದು. ನೀರು ನೋಡಲು ಆ ಅಗ್ಗದ ಟಿಡಿಎಸ್ ಪೆನ್ನೇ ಮೇಲು. ಎರಡೂ ಇಟ್ಟುಕೊಳ್ಳುವುದು ಜಾಣತನ.

ನೀರನ್ನು ನೋಡಲೇಬೇಕು, ಏಕೆಂದರೆ ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಬಗೆಯ ನೀರು ಬರುತ್ತದೆ. ಕಾವೇರಿ ಒಂದು ಬಗೆ, ಬೋರ್‌ವೆಲ್ ಇನ್ನೊಂದು, ಟ್ಯಾಂಕರ್ ತಂದದ್ದು ದೇವರೇ ಬಲ್ಲ. ಬೋರ್‌ವೆಲ್ ನೀರಿನ ಗಡಸುತನ ಬರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳಿಂದ. ಪೆನ್ನಿಗೆ ಇವೂ ಒಂದೇ, ಸೋಡಿಯಂ ಕೂಡ ಒಂದೇ. ಒಟ್ಟು ಅಂಕಿ ಹೇಳಿ ಸುಮ್ಮನಾಗುತ್ತದೆ. ಆದರೆ ಬೇರಿಗೆ ಇವು ಒಂದಲ್ಲ. ಕ್ಯಾಲ್ಸಿಯಂ ಹೆಚ್ಚಿದ್ದರೆ ಸೋಡಿಯಂ ಒಳನುಗ್ಗುವುದು ತಗ್ಗುತ್ತದೆ. ಹೀಗಾಗಿ ಗಡಸು ನೀರಿಗೆ ಕಡಿಮೆ ಉಪ್ಪು ಹಾಕಿ 12 ಮಾಡಿದ ಟ್ರೇ ಆರ್‌ಓ ನೀರಿನ 12ರ ಟ್ರೇಗಿಂತ ಸೌಮ್ಯ. ಬೈಕಾರ್ಬೊನೇಟ್ ಇನ್ನೊಂದು ತೊಂದರೆ ಕೊಡುತ್ತದೆ: ಪಿಎಚ್ ಏರಿಸಿ ಕಬ್ಬಿಣವನ್ನು ತಳಕ್ಕೆ ಕೂರಿಸುತ್ತದೆ, ಎಳೆ ಎಲೆ ಬಿಳಿಚುತ್ತದೆ. ಅದನ್ನು ಉಪ್ಪಿನ ಹಾನಿ ಎಂದು ಓದುವುದು ಸುಲಭ. ಮನೆಯ ಆರ್‌ಓ ಯಂತ್ರದಲ್ಲಿ ರುಚಿಗೆಂದು ಕೊಟ್ಟಿರುವ ಟಿಡಿಎಸ್ ಕಂಟ್ರೋಲರ್ ಸ್ವಲ್ಪ ಕಚ್ಚಾ ನೀರನ್ನು ವಾಪಸ್ ಬೆರೆಸುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ ನೀರು ಹಿಡಿಯಿರಿ.

ಪೆನ್ನಿನ ಹೊಂದಾಣಿಕೆ (ಕ್ಯಾಲಿಬ್ರೇಶನ್) ಒಂದೇ ಬಿಂದುವಿನದು, ಇಸಿ 12.88 ಎಂದು ಮೊದಲೇ ಗೊತ್ತಿರುವ ದ್ರಾವಣದಲ್ಲಿ. ನಾವು ಅಳೆಯಬೇಕಾದ 12ರ ಪಕ್ಕದಲ್ಲೇ ಆ ಬಿಂದು ಇರುವುದು ಅನುಕೂಲ. ದ್ರಾವಣದ ಸ್ಯಾಶೆ ಒಡೆದ ಮೇಲೆ ಅದೇ ದಿನ ಬಳಸಿ ಚೆಲ್ಲಬೇಕು. ಬಾಟಲಿಯಲ್ಲಿ ತಂದಿದ್ದರೆ ಪೆನ್ನನ್ನು ಬಾಟಲಿಗೇ ಅದ್ದಬಾರದು, ಚಿಕ್ಕ ಲೋಟಕ್ಕೆ ಸುರಿದುಕೊಂಡು ಅದ್ದಬೇಕು. ಸ್ಯಾಶೆ ಸಿಗದಿದ್ದರೆ ಪರೀಕ್ಷಿಸಿಕೊಳ್ಳುವ ದಾರಿ ಇದೆ: ಪ್ರಯೋಗಾಲಯ ದರ್ಜೆಯ ಸೋಡಿಯಂ ಕ್ಲೋರೈಡನ್ನು ಒಲೆಯಲ್ಲಿ ಒಣಗಿಸಿ, ಆರಿಸಿ, 5.84 ಗ್ರಾಂ ತೂಗಿ, ಆರ್‌ಓ ನೀರಿನಲ್ಲಿ ಕರಗಿಸಿ ಸರಿಯಾಗಿ ಒಂದು ಲೀಟರ್ ಮಾಡಿ. 25 ಡಿಗ್ರಿಯಲ್ಲಿ 10.67ರ ಸುತ್ತಮುತ್ತ ಬರಬೇಕು. 10.3ಕ್ಕಿಂತ ಕೆಳಗೋ 11.1ಕ್ಕಿಂತ ಮೇಲೋ ಹೋದರೆ ಪೆನ್ನಿನ ತುದಿ ಕೊಳೆಯಾಗಿದೆ, ಇಲ್ಲವೇ ತಕ್ಕಡಿ ಸರಿಯಿಲ್ಲ. ಹೆಚ್ಚಿನ ಬಾರಿ ತುದಿಯೇ. ಪೋಷಕ ದ್ರಾವಣದ ಕಬ್ಬಿಣ ಮತ್ತು ಪಾಚಿಯ ಲೋಳೆ ಅಲ್ಲಿ ಪದರ ಕಟ್ಟಿ ಅಂಕಿಯನ್ನು ಕೆಳಗೆ ಎಳೆಯುತ್ತವೆ, ಅದನ್ನು ನಂಬಿ ಮತ್ತೆ ಉಪ್ಪು ಸುರಿದವರ ಸಸಿಗಳಲ್ಲಿ ಗಟ್ಟಿ ತಳಿಯೂ ಸಾಯುತ್ತದೆ. ಅದ್ದಿದ ಮೇಲೆ ಗಾಳಿಗುಳ್ಳೆ ಹೋಗಲು ಒಮ್ಮೆ ಮೆಲ್ಲಗೆ ತಟ್ಟಿ. ಗುಳ್ಳೆಯೂ ಅಂಕಿ ಇಳಿಸುತ್ತದೆ.

ತಾಪ ಸರಿಪಡಿಕೆ ಇದರಲ್ಲಿದೆ, ಡಿಗ್ರಿಗೆ ಶೇ. 2ರ ಲೆಕ್ಕದಲ್ಲಿ. ಅದಿಲ್ಲದ ಪೆನ್ನು ಬೇಡವೇ ಬೇಡ. ಜನವರಿಯ ಬೆಳಿಗ್ಗೆ ಟ್ರೇಯ ನೀರು 18 ಡಿಗ್ರಿಯಲ್ಲಿದ್ದರೆ ಸರಿಪಡಿಕೆ ಇಲ್ಲದ ಪೆನ್ನು 12ನ್ನು 10.3 ಎಂದು ತೋರಿಸುತ್ತದೆ. ಅದನ್ನು 12ಕ್ಕೆ ಏರಿಸಿದರೆ ನಿಜವಾದ ಉಪ್ಪು 14 ಮುಟ್ಟುತ್ತದೆ. ಸರಿಪಡಿಕೆ ಇದ್ದರೂ ಅವಸರ ಮಾಡಬಾರದು. ಪೆನ್ನಿನ ಮೈ ನೀರಿನ ತಾಪಕ್ಕೆ ಬರಲು ಒಂದೆರಡು ನಿಮಿಷ ಬೇಕು. ಮೊದಲ ಐದು ಸೆಕೆಂಡಿನ ಅಂಕಿಯನ್ನು ಬರೆದುಕೊಂಡು ಹೋಗುವವರೇ ಹೆಚ್ಚು.

ಈಗ ಪೆನ್ನು ನಿಜವಾಗಿ ಬೆವರು ಸುರಿಸುವ, ಉಪ್ಪು ಹಾಕಿದ ನಂತರದ ಹದಿನಾರು ದಿನಗಳಿಗೆ ಬರೋಣ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಅಂದರೆ ಇರ್ರಿ, ರೂಢಿಗೆ ತಂದ ಕ್ರಮವೇ ಇಂದಿಗೂ ನಡೆದಿದೆ. ಹೊಸ ಬೀಜವಾದರೆ ಸುಪ್ತಾವಸ್ಥೆ ಒಡೆಯಲು 50 ಡಿಗ್ರಿಯಲ್ಲಿ ಐದು ದಿನ ಇಡಬೇಕು. ಇದನ್ನು ಬಿಟ್ಟರೆ ನಾಟಿ ತಳಿಗಳು ಹಿಂದೆ ಮುಂದೆ ಮೊಳೆತು ಎಲ್ಲ ಹೋಲಿಕೆಯೂ ಕೆಡುತ್ತದೆ. ಮೊಳಕೆ ಬಂದ ಬೀಜವನ್ನು ಥರ್ಮೊಕೋಲ್ ಹಾಳೆಯ ತೂತುಗಳಲ್ಲಿ, ತೂತಿಗೆ ಎರಡರಂತೆ ಕೂರಿಸಿ, ಅಡಿಯಲ್ಲಿ ನೈಲಾನ್ ಪರದೆ ಅಂಟಿಸಿದ ಹಾಳೆಯನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಬೇರಿಗೆ ಪೆಟ್ಟಾಗಿರಬಾರದು, ಪೆಟ್ಟಾದ ಬೇರಿನಲ್ಲಿ ಸೋಡಿಯಂ ತಡೆಯುವ ಬಾಗಿಲೇ ಮುರಿದಿರುತ್ತದೆ. ಮೂರು ದಿನ ಬರೀ ಶುದ್ಧ ನೀರು. ಆಮೇಲೆ ಭತ್ತಕ್ಕೆ ರೂಢಿಯಲ್ಲಿರುವ ಯೋಶಿಡಾ ಪೋಷಕ ದ್ರಾವಣ, ಲೀಟರಿಗೆ 3 ಗ್ರಾಂ ಉಪ್ಪು, ಇಸಿ 6. ಮತ್ತೆ ಮೂರು ದಿನ ಬಿಟ್ಟು ಇನ್ನೂ 3 ಗ್ರಾಂ, ಇಸಿ 12. ಹತ್ತು ಲೀಟರಿನ ಟ್ರೇಗೆ ಒಟ್ಟು 60 ಗ್ರಾಂ. ಉಪ್ಪನ್ನು ಟ್ರೇಗೆ ನೇರ ಉದುರಿಸಬಾರದು, ಭಾರವಾದ ಉಪ್ಪುನೀರು ತಳದಲ್ಲಿ ಕೂರುತ್ತದೆ, ಮೇಲೆ ಅದ್ದಿದ ಪೆನ್ನು ಕಡಿಮೆ ಹೇಳುತ್ತದೆ. ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಕಲಕಿ, ಅಳೆದು ಸುರಿಯಿರಿ.

ಯೋಶಿಡಾ ದ್ರಾವಣಕ್ಕೆ ಬೇಕಾದ ಅಮೋನಿಯಂ ನೈಟ್ರೇಟ್ ಬೆಂಗಳೂರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ. 2012ರ ನಿಯಮಗಳ ಪ್ರಕಾರ ಅದಕ್ಕೆ ಪರವಾನಗಿ ಬೇಕು, ಸ್ಫೋಟಕದ ಲೆಕ್ಕ. ನೀರಲ್ಲಿ ಕರಗುವ 20:20:20 ಗೊಬ್ಬರವನ್ನು ಲೀಟರಿಗೆ 1 ಗ್ರಾಂ, ಜೊತೆಗೆ ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಹಾಕುವ ಬದಲಿ ಕ್ರಮವೂ ಚಾಲ್ತಿಯಲ್ಲಿದೆ. ನಮ್ಮ ಗೊಬ್ಬರದಂಗಡಿಗಳ 19:19:19 ಅದಕ್ಕೆ ಹತ್ತಿರದ್ದು. ಒಂದೇ ಎಚ್ಚರ: ಅದರ ಸಾರಜನಕದಲ್ಲಿ ಒಂದು ಪಾಲು ಯೂರಿಯಾ. ಯೂರಿಯಾಗೆ ವಿದ್ಯುದಾವೇಶ ಇಲ್ಲದ್ದರಿಂದ ಪೆನ್ನಿಗೆ ಕಾಣುವುದೇ ಇಲ್ಲ, ಒಡೆದು ಅಮೋನಿಯಂ ಆದ ಮೇಲಷ್ಟೇ ಕಾಣುತ್ತದೆ. ಹಾಗಾಗಿ ನೀರು ಇಳಿಯದಿದ್ದರೂ ಇಸಿ ಕೊಂಚ ಮೇಲೇರಬಹುದು. ಎಲ್ಲ ಟ್ರೇಗೂ ಒಂದೇ ದಿನ ಒಂದೇ ಬಕೆಟ್ಟಿನ ದ್ರಾವಣ ಸುರಿದರೆ ಹೋಲಿಕೆಗೆ ತೊಂದರೆಯಿಲ್ಲ.

ದಿನಾ ಬೆಳಿಗ್ಗೆ ಮಾಡುವ ಕೆಲಸ ಎರಡು: ಪಿಎಚ್ 5ಕ್ಕೆ ತರುವುದು, ಆವಿಯಾದ ನೀರು ತುಂಬುವುದು. ಹತ್ತರಲ್ಲಿ ಒಂದು ಪಾಲು ನೀರು ಇಳಿದರೆ 12 ಇದ್ದದ್ದು 13 ದಾಟುತ್ತದೆ. ತುಂಬಬೇಕಾದ್ದು ಬರೀ ಆರ್‌ಓ ನೀರು, ಉಪ್ಪು ಬೆರೆಸಿದ್ದಲ್ಲ. ಈ ತಪ್ಪು ಮಾಡಿದ ಟ್ರೇ ಎರಡನೇ ವಾರಕ್ಕೆ 15 ಮುಟ್ಟಿದರೂ ಆಶ್ಚರ್ಯವಿಲ್ಲ. ಎಂಟು ದಿನಕ್ಕೊಮ್ಮೆ ದ್ರಾವಣ ಪೂರ್ತಿ ಬದಲಿಸಬೇಕು. ಟ್ರೇಗೆ ಕಪ್ಪು ಹಾಳೆ ಸುತ್ತದಿದ್ದರೆ ಪಾಚಿ ಬಂದು ಪಿಎಚ್ ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೋ ಹೋಗಿರುತ್ತದೆ. ಡಿಸ್ಟ್ 4 ಪಿಎಚ್ ಅಳೆಯದು, ಅದಕ್ಕೆ ಬೇರೆ ಪೆನ್ನಿನ ಖರ್ಚು ಇದ್ದೇ ಇದೆ.

ಉಪ್ಪು ಹಾಕಿದ ಹತ್ತನೇ ಮತ್ತು ಹದಿನಾರನೇ ದಿನ ಅಂಕ ಕೊಡುವುದು ರೂಢಿ. 1 ಎಂದರೆ ಎಲೆಗೆ ಏನೂ ಆಗಿಲ್ಲ. 3 ಎಂದರೆ ಬೆಳವಣಿಗೆ ಸರಿಸುಮಾರು ಇದೆ, ಎಲೆಯ ತುದಿ ಬೆಳ್ಳಗಾಗಿ ಸುರುಳಿ ಹಿಡಿದಿದೆ. 5 ಎಂದರೆ ಬೆಳವಣಿಗೆ ಬಹಳ ಕುಂದಿ ಹೆಚ್ಚಿನ ಎಲೆಗಳು ಸುರುಳಿಯಾಗಿವೆ. 7ರಲ್ಲಿ ಬೆಳವಣಿಗೆ ನಿಂತು ಎಲೆಗಳು ಒಣಗಿ ಕೆಲವು ಸಸಿ ಸಾಯುತ್ತಿವೆ. 9 ಎಂದರೆ ಬಹುಪಾಲು ಸತ್ತಿವೆ. ಇಲ್ಲಿ ಪೆನ್ನಿಗಿಂತ ದೊಡ್ಡ ಅಳತೆಗೋಲು ಬರುತ್ತದೆ. ಪ್ರತಿ ಟ್ರೇಯಲ್ಲೂ ಎರಡು ಸಾಲು ಕಡ್ಡಾಯ: ಸೂಕ್ಷ್ಮ ತಳಿ ಐಆರ್ 29, ಗಟ್ಟಿ ತಳಿ ಎಫ್‌ಎಲ್ 478. ಎರಡನೆಯದು ಐಆರ್ 29 ಮತ್ತು ಉಪ್ಪು ತಡೆಯುವ ಕೇರಳದ ನಾಟಿ ತಳಿ ಪೊಕ್ಕಾಳಿಯ ಸಂಕರದಿಂದ ಬಂದದ್ದು, ಆದ್ದರಿಂದ ಜೋಡಿ ಚೆನ್ನಾಗಿ ಕೂರುತ್ತದೆ. ಹದಿನಾರನೇ ದಿನ ಐಆರ್ 29 ಇನ್ನೂ 5ರಲ್ಲಿದ್ದರೆ ಪೆನ್ನು 12.00 ತೋರಿಸುತ್ತಿದ್ದರೂ ಆ ಟ್ರೇಯ ಫಲಿತಾಂಶ ಬಿಸಾಡಿ. ಎಫ್‌ಎಲ್ 478 ಕೂಡ 7ಕ್ಕೆ ಹೋಗಿದ್ದರೂ ಬಿಸಾಡಿ. ಈ ಬೀಜಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಸಂಶೋಧನಾ ಸಂಸ್ಥೆಗಳ ಮೂಲಕ ಒಪ್ಪಂದ ಮಾಡಿಕೊಂಡು ಪಡೆಯಬೇಕು. ಪೆನ್ನು ಆರ್ಡರ್ ಮಾಡುವ ಮೊದಲು ಬೀಜಕ್ಕಾಗಿ ಪತ್ರ ಬರೆಯುವುದು ಒಳ್ಳೆಯದು, ಬೀಜ ಬರುವುದು ಪೆನ್ನಿಗಿಂತ ತಡ.

ಇಸಿ ಸರಿಯಿದ್ದೂ ಐಆರ್ 29 ಸಾಯದಿರುವುದಕ್ಕೆ ನಮ್ಮ ಊರಿನ ಹವೆಯೇ ಹಲವು ಬಾರಿ ಕಾರಣ. ಸೋಡಿಯಂ ಎಲೆ ತಲುಪುವುದು ಬೇರಿನಿಂದ ಏರುವ ನೀರಿನ ಜೊತೆ. ಜುಲೈ-ಆಗಸ್ಟ್‌ನಲ್ಲಿ ಬೆಂಗಳೂರಿನ ಮೋಡ, ತೇವ, ತಂಪು ಸೇರಿದರೆ ಎಲೆಯಿಂದ ನೀರು ಹಾರುವುದೇ ಕಡಿಮೆ. ಸೋಡಿಯಂ ಕೂಡ ನಿಧಾನ ಏರುತ್ತದೆ, ಎಲ್ಲ ತಳಿಯೂ ಗಟ್ಟಿಯಾಗಿ ಕಾಣುತ್ತದೆ. ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಅದೇ 12 ಕೊಲ್ಲುವ ವೇಗವೇ ಬೇರೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಭತ್ತದ ಸಸಿ ಬೆಳೆಯುವುದೇ ನಿಂತು, ಹಳದಿ ತಿರುಗಿ, ಉಪ್ಪಿಲ್ಲದ ಟ್ರೇಯೂ ರೋಗಿಯಂತಿರುತ್ತದೆ. ಇರ್ರಿ ಕ್ರಮ ಕೇಳುವುದು ಹಗಲು 29, ರಾತ್ರಿ 21 ಡಿಗ್ರಿ, ಕನಿಷ್ಠ ಶೇ. 50 ತೇವ. ತಾರಸಿಯಲ್ಲಿ ತಾಪದ ಮಟ್ಟಿಗೆ ಇದಕ್ಕೆ ಹತ್ತಿರ ಬರುವುದು ಮಾರ್ಚ್‌ನಿಂದ ಮೇ ತನಕ, ಮಧ್ಯಾಹ್ನ ನೆರಳುಬಲೆ ಎಳೆದು. ಬೇರೆ ಬೇರೆ ತಿಂಗಳಲ್ಲಿ ಮಾಡಿದ ಟ್ರೇಗಳ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಡಿ.

ಉಪ್ಪಿಲ್ಲದ ಟ್ರೇ ಎಂದೆವಲ್ಲ, ಅದನ್ನು ದುಡ್ಡುಳಿಸಲು ಬಿಡುವವರಿದ್ದಾರೆ. ಬಿಟ್ಟರೆ ನಾಟಿ ತಳಿಗಳ ವಿಷಯದಲ್ಲಿ ಮೋಸ ಹೋಗುತ್ತೀರಿ. ಕುಮಟಾದ ಗಜನಿ ಗದ್ದೆಗಳ (ಉಪ್ಪುನೀರು ನುಗ್ಗುವ ಗದ್ದೆಗಳು) ಕಗ್ಗ, ಕೇರಳದ ಪೊಕ್ಕಾಳಿ ಎತ್ತರದ, ಭರದಿಂದ ಬೆಳೆಯುವ ಭತ್ತಗಳು. ದೊಡ್ಡ ಮೈಯಲ್ಲಿ ಅಷ್ಟೇ ಸೋಡಿಯಂ ಹಂಚಿಹೋಗಿ ತೆಳುವಾಗುತ್ತದೆ. ಅದೂ ಒಂದು ಶಕ್ತಿಯೇ ಸರಿ. ಆದರೆ ಗಿಡ್ಡ ತಳಿಗೆ ಸಂಕರ ಮಾಡಿದಾಗ ಎತ್ತರದ ಜೊತೆ ಆ ಲಾಭವೂ ಕಳಚಿಹೋಗಬಹುದು. ಪ್ರತಿ ತಳಿಯ ಒಣತೂಕವನ್ನು ಅದೇ ತಳಿಯ ಉಪ್ಪಿಲ್ಲದ ಸಸಿಯ ತೂಕದ ಶೇಕಡಾವಾರಿನಲ್ಲಿ ಬರೆದರೆ ಬರೀ ಭರಾಟೆ ಯಾವುದು, ನಿಜವಾದ ತಡೆ ಯಾವುದು ಎಂದು ಬೇರ್ಪಡಿಸಲು ಸುಲಭ. ತಳಿಗೆ ಕನಿಷ್ಠ ಹತ್ತು ಸಸಿ, ಮೂರು ಟ್ರೇಗಳಲ್ಲಿ, ಪ್ರತಿ ಟ್ರೇಯಲ್ಲೂ ಸಾಲುಗಳ ಜಾಗ ಬದಲಿಸಿ.

ಪೆನ್ನು ಕೊಂಡ ಮೇಲೆ ಅದನ್ನು ಗದ್ದೆಯ ಕೆಸರಿಗೂ ಚುಚ್ಚುವ ಆಸೆ ಬರುತ್ತದೆ. ಮಣ್ಣಿನ ಪುಸ್ತಕಗಳಲ್ಲಿ ಭತ್ತದ ಇಳುವರಿ 3 ಡೆಸಿಸೀಮನ್ಸ್ ದಾಟಿದ ಮೇಲೆ ಪ್ರತಿ ಘಟಕಕ್ಕೆ ಶೇ. 12 ಕುಸಿಯುತ್ತದೆ ಎಂದಿರುವುದು ಸಂತೃಪ್ತ ಮಣ್ಣಿನ ಸಾರದ, ಅಂದರೆ ನೀರು ಪೂರ್ತಿ ಹೀರಿಸಿದ ಮಣ್ಣಿನಿಂದ ತೆಗೆದ ನೀರಿನ, ಅಳತೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಕಲಸಿ ಅದ್ದಿದ ಅಂಕಿ ಅದಕ್ಕಿಂತ ಬಹಳ ಕಡಿಮೆ ಬರುತ್ತದೆ. ಇನ್ನು ಕ್ಷಾರ ಮಣ್ಣಿನಲ್ಲಿ ಇಸಿ ಸಾಧಾರಣವಿದ್ದು ಪಿಎಚ್ 8.5 ಮೀರಿರುತ್ತದೆ, ಅಲ್ಲಿ ಈ ಪೆನ್ನು ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಸಾಲಿನ ಭತ್ತಗಳಲ್ಲಿ ಹಲವು ಅಂಥ ಕ್ಷಾರ ನೆಲಕ್ಕೆಂದೇ ಬಂದವು. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜಮೀನಿಗೆ ತಳಿ ಹುಡುಕುವವರು ಮೊದಲು ಮಣ್ಣಿನ ಪಿಎಚ್ ತಿಳಿದುಕೊಂಡು ಆಮೇಲೆ ಯಾವ ಪರೀಕ್ಷೆ ಎಂದು ನಿರ್ಧರಿಸಬೇಕು.

ಟ್ರೇ ಗೆದ್ದ ತಳಿಗಳನ್ನು ಡಿಎನ್ಎ ಪರೀಕ್ಷೆಗೆ ಕಳುಹಿಸುವುದು ಈಗ ಕಷ್ಟವಿಲ್ಲ. ಉಪ್ಪು ತಡೆಗೆ ನಂಟಿರುವ, ಒಂದನೇ ಕ್ರೋಮೊಸೋಮಿನ ಸಾಲ್ಟಾಲ್ ಭಾಗವನ್ನು ಆರ್‌ಎಂ 3412, ಆರ್‌ಎಂ 10745ರಂಥ ಗುರುತುಗಳಿಂದ ನೋಡುತ್ತಾರೆ. ಅಲ್ಲಿರುವ ಒಂದು ಜೀನ್ ಕಾಂಡಕ್ಕೆ ಏರುವ ಸೋಡಿಯಂ ಅನ್ನು ಬೇರಿನಲ್ಲೇ ವಾಪಸ್ ಎಳೆದುಕೊಳ್ಳುತ್ತದೆ. ಟ್ರೇಯಲ್ಲಿ ಗೆದ್ದು ಸಾಲ್ಟಾಲ್ ಇಲ್ಲವೆಂದು ಬಂದರೆ ಬೇಸರ ಬೇಡ, ತಳಿ ಸಂವರ್ಧನೆಗೆ ಅದೇ ಹೆಚ್ಚು ಬೆಲೆಯದ್ದು, ಬೇರೆ ದಾರಿಯಲ್ಲಿ ಉಪ್ಪು ತಡೆಯುತ್ತಿದೆ ಎಂದರ್ಥ. ಸಾಲ್ಟಾಲ್ ಇದ್ದೂ ಟ್ರೇಯಲ್ಲಿ 7 ಬಂದರೆ ಟ್ರೇಯನ್ನು ನಂಬಿ. ಸಸಿಯಲ್ಲಿ ಗಟ್ಟಿಯಾದದ್ದು ತೆನೆ ಕಟ್ಟುವಾಗಲೂ ಗಟ್ಟಿ ಎಂಬ ಭರವಸೆಯಂತೂ ಇಲ್ಲ. ಆ ಎರಡು ಹಂತಗಳ ತಡೆಗೆ ನಂಟು ಬಹಳ ಸಡಿಲ, ಕುಂಡದಲ್ಲಿ ಬೇರೆಯದೇ ಪರೀಕ್ಷೆ ಮಾಡಬೇಕು.

ಕೊಳ್ಳುವವರಿಗೆ: ಮಾದರಿ ಸಂಖ್ಯೆಯ ಕೊನೆಯ ಅಂಕಿ 4 ಎಂದು ಪೆಟ್ಟಿಗೆಯ ಮೇಲೆ ಓದಿ ತೆಗೆದುಕೊಳ್ಳಿ, 12.88ರ ಸ್ಯಾಶೆ ಅರ್ಧ ಡಜನ್ ಜೊತೆಗೇ ತರಿಸಿ, ಸ್ಯಾಶೆಯ ಅವಧಿ ನೋಡಿ. ಬಳಸಿದ ಮೇಲೆ ತುದಿಯನ್ನು ಆರ್‌ಓ ನೀರಿನಲ್ಲಿ ತೊಳೆದು, ಒರೆಸದೆ ಒದರಿ, ಮುಚ್ಚಳ ಹಾಕಿಡಿ. ಕಬ್ಬಿಣದ ಕಂದು ಪದರ ಕಂಡರೆ ಚಾಕುವಿನಿಂದ ಕೆರೆಯಬೇಡಿ, ತೆಳುವಾದ ವಿನೆಗರ್‌ನಲ್ಲಿ ಕೆಲವು ನಿಮಿಷ ನೆನೆಸಿ ತೊಳೆದು ಮತ್ತೆ ಹೊಂದಿಸಿ.